ಗಿರಣಿ ಕ್ಲಬ್ಬಿನ ಕನ್ನಡಕದವರು

ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅವರ ಕನ್ನಡಕದ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. "ಹೋದೋರ ಮ್ಯಾಲೆ ಇನ್ನೂ ಎಂಥ ಅನುಮಾನ, ಬಿಡೇ ಅತ್ಲಾಗೆ" ಎನ್ನುತ್ತಾರೆ ನಮ್ಮ ಯಜಮಾನರು. ಬಿಡುವುದು ನನಗೆ ಬರುವುದಿಲ್ಲ. ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುತ್ತಲೇ ತಲೆ ನರೆತವಳು ನಾನು. ಸಂಘದ ಕಾರ್ಯದರ್ಶಿ ಎದ್ದು ನಿಂತು ಎರಡು ಕೈ ಜೋಡಿಸಿದರೆ, ಈತ ಯಾಕೆ ಇಷ್ಟು ಬಗ್ಗುತ್ತಿದ್ದಾನೆ ಎಂದು ಮೊದಲು ಗೋದಾಮಿನ ಬೀಗದ ಕೈ ಕೇಳುತ್ತಿದ್ದೆ. ನಿವೃತ್ತಿಯ ದಿನ ನನಗೆ ಹಾರ ಹಾಕಿದವರು ಕಣ್ಣೊರೆಸಿಕೊಂಡದ್ದು ದುಃಖಕ್ಕಲ್ಲ ಎಂಬ ಗುಮಾನಿಯೂ ನನಗಿದೆ.

ಎದುರುಮನೆಯ ಈ ಮನುಷ್ಯನ ಲೆಕ್ಕ ಮಾತ್ರ ಕೊನೆಯವರೆಗೂ ನನ್ನ ಕೈಗೆ ಹತ್ತಲಿಲ್ಲ. ಇಡೀ ಬೀದಿ ಅವರನ್ನು ಬೆಟ್ಟಿಂಗ್ ಆಡುವವರು ಎಂದುಕೊಂಡಿತ್ತು. ಆ ಮಾತಿನಿಂದಾಗಿ ಅವರ ಒಬ್ಬಳೇ ಮಗಳು ಅನುಪಮಳಿಗೆ ಬಂದ ಎರಡು ಸಂಬಂಧ ಮುರಿದುಹೋಗಿದ್ದವು. ಮೂರನೆಯದು ನಿಲ್ಲುವುದೋ ಬಿಡುವುದೋ ಎನ್ನುವುದು ನನ್ನ ಒಂದು ಮಾತಿಗೆ ಬಂದು ನಿಂತಿತು. ಅದನ್ನೇ ಹೇಳಲು ಹೊರಟಿದ್ದೇನೆ. ಅದಕ್ಕೆ ಮೊದಲು ಮನುಷ್ಯ ಹೇಗಿದ್ದರು ಎಂದು ಹೇಳಬೇಕು.

ತೆಳ್ಳಗೆ, ಎತ್ತರಕ್ಕೆ, ತುಸು ಮುಂದಕ್ಕೆ ಬಾಗಿದ ಆಳು. ಯಾರೇ ಎದುರಾದರೂ ಮೊದಲು ಮುಖ ನೋಡುತ್ತಿರಲಿಲ್ಲ, ಮೂಗು ನೋಡುತ್ತಿದ್ದರು. ಕನ್ನಡಕ ನೆಟ್ಟಗೆ ಕೂತಿದೆಯೋ, ಒಂದು ಕಡೆಗೆ ವಾಲಿದೆಯೋ ಎಂದು. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರ ಮೂಗಿನಿಂದ ಕನ್ನಡಕ ಎತ್ತಿ, ಪಂಚೆಯ ಚುಂಗಿನಿಂದ ಒರೆಸಿ, ಕಡ್ಡಿಯನ್ನು ಒಂದಿಷ್ಟು ಬಗ್ಗಿಸಿ ವಾಪಸ್ ಇಟ್ಟುಬಿಡುತ್ತಿದ್ದರು. ಕೇಳುವುದು ಗೀಳುವುದು ಇಲ್ಲ. "ಈಗ ನೋಡ್ರಿ, ಹೋಳಿಗೆ ಸರಿಯಾಗಿ ಕಾಣ್ತೈತೆ" ಎಂದು ತಮ್ಮ ಎಲೆಗೆ ತಿರುಗುತ್ತಿದ್ದರು. ಹೆಂಡತಿ ಹೋದ ಮೇಲೆ ಮಗಳೇ ಮನೆ ನೋಡಿಕೊಳ್ಳುತ್ತಿದ್ದಳು. ಹಗಲು ಹತ್ತಿರದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಅವರಿಗೆ ಕುಡಿತವಿಲ್ಲ, ಎಲೆಅಡಿಕೆ ಇಲ್ಲ, ಒಬ್ಬರ ಜೊತೆಯೂ ಜಗಳವಿಲ್ಲ. ಇಷ್ಟು ಚೊಕ್ಕಟವಾಗಿರುವ ಮನುಷ್ಯ ಏನನ್ನೋ ಮುಚ್ಚಿಡುತ್ತಿರಲೇಬೇಕು ಎನ್ನುವುದು ನನ್ನ ನೌಕರಿ ಕಲಿಸಿದ ಪಾಠ.

ಗುಮಾನಿಗೆ ಕಾರಣಗಳೇನು ಕಡಿಮೆಯಿರಲಿಲ್ಲ. ಗುರುವಾರ ಹಾಲಿನವನು ಬರುವ ಮೊದಲೇ ಅವರ ಮನೆಯ ಮುಂದಿನ ಕೋಣೆಯಲ್ಲಿ ದೀಪ. ಕಿಟಕಿಯಿಂದ ಒಂದೇ ಸಮನೆ ಜನರ ಗದ್ದಲ, ಯಾವುದೋ ಭಾಷೆಯಲ್ಲಿ ಉಸಿರು ತೆಗೆದುಕೊಳ್ಳದೆ ಮಾತಾಡುವ ಒಬ್ಬ ಗಂಡಸು. ಅಪರೂಪಕ್ಕೊಮ್ಮೆ ಗಿರಣಿಯ ಸೈರನ್. ಹತ್ತಿ ಗಿರಣಿಗಳು ಬಾಗಿಲು ಹಾಕಿ ಎಷ್ಟೋ ಕಾಲವಾದ ಈ ದಾವಣಗೆರೆಯಲ್ಲಿ, ಸಾಕ್ಷಾತ್ ಗಿರಣಿಯ ಸೈರನ್! ಅಪ್ಪನ ಪಾಳಿಯ ಕೂಗು ಕೇಳುತ್ತಾ ಬೆಳೆದ ನಾನು ಮೊದಲ ಸಲ ಅದು ಕಿವಿಗೆ ಬಿದ್ದಾಗ ಹಾಸಿಗೆಯಲ್ಲಿ ಎದ್ದು ಕೂತು, ಅಯ್ಯೋ ಬುತ್ತಿ ಕಟ್ಟಬೇಕಲ್ಲ ಎಂದು ಗಾಬರಿಯಾಗಿದ್ದೆ. ಸೈರನ್ನಿನ ಹಿಂದೆಯೇ ಎದುರುಮನೆಯಲ್ಲಿ ಚಪ್ಪಾಳೆ. ಸೈರನ್ ಕೂಗದ ಗುರುವಾರ ಅವರ ಅಂಗಡಿಯ ಷಟರ್ ತಡವಾಗಿ ಏಳುತ್ತಿತ್ತು.

ಜೊತೆಗೆ ಹರಿಹರದಿಂದ ಬೈಕುಗಳಲ್ಲಿ ಗಂಡಸರು ಬರುತ್ತಿದ್ದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ದನಿ ತಗ್ಗಿಸಿ ಮಾತು. "ಎರಡು-ಒಂದು ಆಗ್ತೈತೆ ಅಂದಿದ್ರಲ್ಲ ಸಾರ್." "ಈ ಸಲ ಹೋತು ಬಿಡಪ್ಪ. ಮುಂದಿನ ವಾರ ನೋಡಾಣ." ಹೀಗೆ. ಕ್ರಿಕೆಟ್ ಬೆಟ್ಟಿಂಗಿನಲ್ಲಿ ಮನೆಮಠ ಕಳೆದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಆ ಪಿಸುಮಾತಿನ ಧಾಟಿ ಬೀದಿಯ ಹೆಂಗಸರಿಗೂ ಗೊತ್ತು. ಇದು ಬ್ರೆಜಿಲ್ ದೇಶದ ಫುಟ್‌ಬಾಲು ಎಂದು ತಿಳಿದ ಮೇಲಂತೂ ಅನುಮಾನ ಇಮ್ಮಡಿಯಾಯಿತು. ಕ್ರಿಕೆಟ್ಟಾದರೆ ಸುಮ್ಮನೆ ನೋಡುತ್ತಾರೆ ಎನ್ನಬಹುದು. ದಾವಣಗೆರೆಯಲ್ಲಿ ಕೂತು ಬ್ರೆಜಿಲಿನ ಯಾವುದೋ ಊರಿನ ಫುಟ್‌ಬಾಲನ್ನು, ಅದೂ ಕೋಳಿ ಕೂಗುವ ಹೊತ್ತಿನಲ್ಲಿ, ಏನೂ ಲಾಭವಿಲ್ಲದೆ ಯಾರು ನೋಡುತ್ತಾರೆ? ಬೆಟ್ಟಿಂಗ್ ಎಂಬ ಮಾತನ್ನು ಮೊದಲು ಆಡಿದವಳು ನಾನಲ್ಲ. ಪುರಾವೆ ಇಲ್ಲದೆ ನಾನು ಬಾಯಿ ಬಿಡುವವಳಲ್ಲ. ಹಾಗೆಂದು ಕಿವಿ ಮುಚ್ಚಿಕೊಂಡು ಕೂರುವವಳೂ ಅಲ್ಲ.

ಒಂದು ಭಾನುವಾರ ಸಂಜೆ ಅವರು ಸ್ಕೂಟರ್ ಹತ್ತಿ ಹರಿಹರದ ದಾರಿ ಹಿಡಿದಾಗ ನಾನು ಯಜಮಾನರನ್ನು ಎಬ್ಬಿಸಿ ನಮ್ಮ ಸ್ಕೂಟರ್ ತೆಗೆಸಿದೆ. ದಾರಿಯಲ್ಲಿ ಸಿಗುವ ಬಾತಿ ಎಂಬ ಊರಿನವರೆಗೆ ಹಿಂಬಾಲಿಸಿದೆವು. ಅಲ್ಲಿ ನಮ್ಮವರು ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುವ ಗಾಡಿ ಕಂಡು ಬ್ರೇಕ್ ಹಾಕಿಬಿಟ್ಟರು. "ಪೆನ್ಷನ್ ಬಂದ್ರೂ ನಿನ್ನ ಡ್ಯೂಟಿ ಮುಗಿಯಂಗಿಲ್ಲ ನೋಡು. ತಗಾ, ಮಂಡಕ್ಕಿ ತಿನ್ನು" ಎಂದು ಪೊಟ್ಟಣ ಕೈಗಿಟ್ಟರು. ಮಿರ್ಚಿ ಚೆನ್ನಾಗಿತ್ತು. ನನ್ನ ಆರೋಪಿ ಮಾತ್ರ ಕಣ್ಮರೆಯಾಗಿದ್ದರು.

ಆಮೇಲೆ ನೇರ ದಾರಿ ಹಿಡಿದೆ. ಕಣ್ಣು ಮಂಜಾಗಿದೆ ಎಂದು ಅಂಗಡಿಗೇ ಹೋಗಿ ಕೂತೆ. ಕಣ್ಣು ಪರೀಕ್ಷೆಯ ಆ ಭಾರದ ಫ್ರೇಮನ್ನು ಮೂಗಿಗೇರಿಸಿ, ಗಾಜಿನ ಮೇಲೆ ಗಾಜು ಬದಲಿಸುತ್ತಾ, "ಈಗ ಕಾಣ್ತೈತಾ? ಈಗ? ಮೊದಲಿಂದು ಚಲೋನಾ, ಇದು ಚಲೋನಾ?" ಎನ್ನುತ್ತಿದ್ದರು. ಅದನ್ನು ಹೊತ್ತುಕೊಂಡವರು ಎದ್ದು ಹೋಗುವಂತಿಲ್ಲ. ಅವರು ಕ್ಲಬ್ಬಿನ ಚರಿತ್ರೆಯನ್ನು ಬಿಚ್ಚುತ್ತಿದ್ದದ್ದು ಆಗಲೇ. ನಮ್ಮೂರಿನಲ್ಲಿ ಚಾಳೀಸು ಬಂದವರೆಲ್ಲ ಆ ಚರಿತ್ರೆಯನ್ನು ಒಂದು ಕಣ್ಣು ಮುಚ್ಚಿಸಿಕೊಂಡು ಕೇಳಿದವರೇ.

ಕ್ಲಬ್ಬಿಗೆ ಪೋರ್ಚುಗೀಸ್ ಭಾಷೆಯಲ್ಲಿ ಮಾರುದ್ದದ ಹೆಸರಿದೆ. ಅವರು ಹೇಳಿದರೆ ಮಂತ್ರದ ಹಾಗೆ ಕೇಳುತ್ತಿತ್ತು. ನನ್ನ ನಾಲಗೆ ಹೊರಳುವುದಿಲ್ಲ. ಗಿರಣಿ ಕ್ಲಬ್ ಎನ್ನುವುದು ನಾನಿಟ್ಟ ಹೆಸರು. ಬ್ರೆಜಿಲಿನ ಒಳನಾಡಿನಲ್ಲಿ, ಒಂದು ಹೊಳೆಯ ದಂಡೆಯಲ್ಲಿ ಬಟ್ಟೆ ಗಿರಣಿ. ಬಾಯ್ಲರ್ ನೋಡಿಕೊಳ್ಳಲು ಇಂಗ್ಲೆಂಡಿನಿಂದ ಬಂದ ಒಬ್ಬ, ಊಟದ ವಿರಾಮದಲ್ಲಿ ಹತ್ತಿಯ ಕಸ ತುಂಬಿದ ಚೀಲವನ್ನು ಒದೆಯುತ್ತಾ ನೇಕಾರರಿಗೆ ಆಟ ಕಲಿಸಿದನಂತೆ. ಮಾಲೀಕ ಬಣ್ಣದ ತೊಟ್ಟಿಗಳ ಹಿಂದಿನ ಜಾಗ ಕೊಟ್ಟ; ಪಾಳಿ ತಪ್ಪಿಸಿದವನು ಆಡುವಂತಿಲ್ಲ ಎಂಬ ಷರತ್ತು ಹಾಕಿದ. ಅಂಗಿಗೆ ಹಸಿರು ಬಿಳಿ ಪಟ್ಟೆ ಬಂದದ್ದು ಆ ವರ್ಷ ಮಾರಾಟವಾಗದೆ ಉಳಿದ ಬಟ್ಟೆಯ ಥಾನುಗಳಿಂದ. ಆಮೇಲೆ ಆ ರಾಜ್ಯದ ಲೀಗಿನವರು, ಕೈಯಿಂದ ದುಡಿಯುವ ಕೂಲಿಗಳು ಆಡಕೂಡದು, ಗುಮಾಸ್ತರಾದರೆ ಅಡ್ಡಿಯಿಲ್ಲ ಎಂದು ನಿಯಮ ಮಾಡಿದರು. ಕ್ಲಬ್ಬಿನವರು ಗುಮಾಸ್ತರನ್ನು ಕಳಿಸಲಿಲ್ಲ. ಲೀಗನ್ನೇ ಬಿಟ್ಟು ಹೊಳೆಯ ಮರಳಿನ ಮೇಲೆ ಮೀನುಗಾರರ ಜೊತೆ, ರೈಲ್ವೆ ಗ್ಯಾಂಗಿನವರ ಜೊತೆ ಆಡಿಕೊಂಡಿದ್ದರು. ಲೀಗು ತಾನಾಗಿ ಬಗ್ಗಿ ಕರೆದ ಮೇಲೆ ಹೋಗಿ ಒಂದು ಸಲ ರಾಜ್ಯದ ಕಪ್ ಗೆದ್ದರು. ಒಂದೇ ಸಲ. ಅಲ್ಲಿಂದ ಇಳಿಜಾರು. ಗಿರಣಿ ಮುಚ್ಚಿತು, ತಂಡ ಒಂದೊಂದೇ ಡಿವಿಜನ್ ಕೆಳಗಿಳಿಯಿತು. ಗಿರಣಿಯ ಸೈರನ್ನನ್ನು ಬಿಚ್ಚಿ ತಂದು ಮೈದಾನದ ಕಂಬಕ್ಕೆ ಕಟ್ಟಿದ್ದಾರೆ. ಕ್ಲಬ್ಬು ಗೋಲು ಹೊಡೆದರೆ ಮಾತ್ರ ಅದು ಕೂಗುತ್ತದೆ. "ಅದಕ್ಕೇ ತುಕ್ಕು ಹಿಡೀತಾ ಐತ್ರಿ" ಎಂದು ಅವರು ತಾವೇ ನಗುತ್ತಿದ್ದರು.

"ಎಲ್ಲಿಂದ ಗಂಟುಬಿತ್ತು ನಿಮಗೆ ಇದು?" ಎಂದು ಫ್ರೇಮಿನ ಒಳಗಿಂದಲೇ ಕೇಳಿದೆ.

"ಹರಿಹರದ ಕಾರ್ಖಾನೆಗೆ ಯಂತ್ರ ಕೂಡಿಸಾಕೆ ಬ್ರೆಜಿಲಿಂದ ಒಬ್ಬ ಎಂಜಿನಿಯರ್ ಬಂದಿದ್ನ್ರಿ. ಹೊಳೆಯಾಗೆ ಈಜಾಕೆ ಹೋಗಿ ಕನ್ನಡಕ ಕಳ್ಕಂಡ. ಆಗ ನನ್ನ ಅಂಗಡಿ ಹರಿಹರದಾಗೇ ಇತ್ತು. ಅವನ ನಂಬರಿನ ಗಾಜು ಬರೋತನಕ ಅವನಿಗೆ ನಾನೇ ಕಣ್ಣು. ಕೈ ಹಿಡ್ಕಂಡು ನಮ್ಮೂರೆಲ್ಲ ತಿರುಗಿಸಿದೆ. ಅವ ಕೂತಲ್ಲೇ ತನ್ನೂರು ತೋರಿಸಿದ."

"ಆಮೇಲೆ?"

"ಅವ ಹೋದ. ಕ್ಲಬ್ಬು ಇಲ್ಲೇ ಉಳೀತು."

"ಅದರಿಂದ ನಿಮಗೇನು ಸಿಗ್ತೈತೆ?"

"ಏನೂ ಇಲ್ರಿ."

"ಏನೂ ಅಂದ್ರೆ?"

ಅವರು ಇನ್ನೊಂದು ಗಾಜು ಬದಲಿಸಿದರು. "ಬೆಳಗ್ಗೆ ಲಗೂನ ಎಚ್ಚರಾಗ್ತೈತೆ" ಎಂದರು.

ಇಂಥ ಉತ್ತರವನ್ನು ಯಾವ ತಪಾಸಣಾಧಿಕಾರಿಯೂ ಒಪ್ಪುವುದಿಲ್ಲ. ವರ್ಷಗಟ್ಟಲೆ ಬೆಳಗಿನ ನಿದ್ದೆ ಕೆಡಿಸಿಕೊಂಡು, ಸೋಲುವುದೇ ಕಸುಬಾದ ತಂಡವೊಂದರ ಹಿಂದೆ ಬಿದ್ದವನಿಗೆ ಏನೂ ಸಿಗುವುದಿಲ್ಲ ಎಂದರೆ, ಸಿಗುವುದನ್ನು ಎಲ್ಲೋ ಬಚ್ಚಿಟ್ಟಿದ್ದಾನೆ ಎಂದೇ ಅರ್ಥ. ಹರಿಹರದಿಂದ ಬರುವವರು ಯಾರು ಎಂದೂ ಕೇಳಿದೆ. ಕಾರ್ಖಾನೆಯ ಕಾಲೊನಿಯಲ್ಲಿ ಆ ಎಂಜಿನಿಯರ್ ಜೊತೆ ಚೆಂಡು ಒದ್ದವರ ಮಕ್ಕಳು, ಭಾನುವಾರ ಅವರ ಆಟ ನೋಡಲು ತಾವು ಹೋಗುವುದು ಎಂದರು. ಎಲ್ಲದಕ್ಕೂ ಉತ್ತರ ಸಿದ್ಧ. ಅದೂ ನನಗೆ ಸರಿಬರಲಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪಣೆ ಇನ್ನೊಂದಿತ್ತು. ಒಂದು ದಿನ ಗಾಜು ಕೂರಿಸುವವರೆಗೆ ಕಾಯುತ್ತಾ, ಯಾವ ಮೂಡಿನಲ್ಲಿದ್ದೆನೋ, ನಮ್ಮಪ್ಪನ ವಿಷಯ ಹೇಳಿಬಿಟ್ಟೆ. ಅಪ್ಪ ಇಲ್ಲಿನ ಗಿರಣಿಯಲ್ಲಿ ನೇಕಾರ. ಗಿರಣಿಯ ಕೊನೆಯ ದಿನ ಬುತ್ತಿ ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋದವರು ಹಿಂದಿರುಗಿ, ಕಸಬರಿಗೆ ಹುಡುಕಿ ತಂದು, ತಮ್ಮ ಮಗ್ಗದ ಕೆಳಗೆ ಗುಡಿಸಿ ಆಮೇಲೆ ಮನೆಗೆ ಬಂದರು. ನಾಳೆಯಿಂದ ಅಲ್ಲಿಗೆ ಯಾರೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಯಾಕೆ ಎಂದು ಅವ್ವ ಕೇಳಿದ್ದಕ್ಕೆ "ಅದು ನನ್ನ ಮಗ್ಗ" ಎಂದಷ್ಟೇ ಅಂದಿದ್ದರು. ಇದನ್ನು ನಾನು ಬೇರೆ ಯಾರಲ್ಲೂ ಆಡಿದವಳಲ್ಲ. ಅವರು ಕೇಳಿಸಿಕೊಂಡರು, ಕನ್ನಡಕ ಒರೆಸಿ ಕೊಟ್ಟರು.

ಸ್ವಲ್ಪ ದಿನ ಕಳೆದು ಅಂಗಡಿಗೆ ಹೋದರೆ, ನಿವೃತ್ತ ಬಸ್ ಕಂಡಕ್ಟರೊಬ್ಬರು ಫ್ರೇಮ್ ಹೊತ್ತು ಕೂತಿದ್ದರು. ಇವರು ಗಾಜು ಬದಲಿಸುತ್ತಾ ಹೇಳುತ್ತಿದ್ದರು: ಬ್ರೆಜಿಲಿನ ಗಿರಣಿ ಮುಚ್ಚಿದ ದಿನ ಕ್ಲಬ್ಬಿನ ಹಳೆಯ ಆಟಗಾರನೊಬ್ಬ ಬಾಗಿಲವರೆಗೆ ಹೋದವನು ವಾಪಸ್ ಬಂದು ತನ್ನ ಮಗ್ಗದ ಕೆಳಗೆ ಗುಡಿಸಿ ಹೋದನಂತೆ. ಕಂಡಕ್ಟರು "ಅಯ್ಯೋ ಶಿವನೇ" ಎಂದು ಲೊಚಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅದು ನಮ್ಮಪ್ಪಂದು ಕಣ್ರೀ!" ಎಂದೆ ಎಲ್ಲರ ಎದುರಿಗೆ.

ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅವರ ಮುಖ ಹಾಗಾಗಲಿಲ್ಲ. ಗಾಜನ್ನು ಬೆಳಕಿಗೆ ಹಿಡಿದು ಒರೆಸುತ್ತಾ, "ಅಲ್ಲೂ ಯಾರಾದ್ರೂ ಗುಡಿಸಿರ್ತಾರೆ ಬಿಡ್ರಿ ಮೇಡಂ" ಎಂದರು.

ಸಿಟ್ಟಿನಲ್ಲೇ ಮನೆಗೆ ಬಂದೆ. ಬಂದ ಮೇಲೆ, ಹಸಿರು ಬಿಳಿ ಪಟ್ಟೆಯ ಅಂಗಿ ತೊಟ್ಟ ಅಪ್ಪ ಬ್ರೆಜಿಲಿನಲ್ಲಿ ಕಸ ಗುಡಿಸುತ್ತಿರುವುದು ಕಣ್ಣಿಗೆ ಕಟ್ಟಿ, ಅಡುಗೆಮನೆಯಲ್ಲಿ ನಿಂತು ಅತ್ತೆ. ಆ ಅಳುವಿನಲ್ಲಿ ದುಃಖವೇನೂ ಇರಲಿಲ್ಲ ಎನ್ನುವುದು ನನಗೇ ಆಶ್ಚರ್ಯ. ಆದರೆ ಲೆಕ್ಕ ಲೆಕ್ಕವೇ. ಅಲ್ಲಿಂದಾಚೆ ಕಿವಿಗೊಟ್ಟು ಕೇಳಿದರೆ ಕ್ಲಬ್ಬಿನ ಚರಿತ್ರೆಯ ತುಂಬ ನಮ್ಮೂರಿನವರೇ. ಆಜಾದ್ ನಗರದ ದರ್ಜಿ ಸಾಹೇಬರು ಹಬ್ಬದ ಮುಂಚೆ ದುಡ್ಡಿಲ್ಲದವರ ಮಕ್ಕಳ ಅಂಗಿಯನ್ನೇ ಮೊದಲು ಹೊಲಿದು ಮುಗಿಸುತ್ತಿದ್ದರಲ್ಲ, ಅವರು ಕ್ಲಬ್ಬಿನ ದರ್ಜಿಯಾಗಿದ್ದರು. ಒಬ್ಬರದನ್ನು ಇನ್ನೊಬ್ಬರ ಖಾತೆಗೆ ಇಷ್ಟು ಸಲೀಸಾಗಿ ಹಾಕುವ ಮನುಷ್ಯ ಬೆಟ್ಟಿಂಗಿನ ವಿಷಯದಲ್ಲಿ ಮಾತ್ರ ನಿಜ ಹೇಳುತ್ತಾನೆ ಎಂದು ಹೇಗೆ ನಂಬುವುದು?

ಮೊಬೈಲಿನಲ್ಲಿ ಹುಡುಕಬಹುದಿತ್ತಲ್ಲ ಎನ್ನುತ್ತೀರಿ. ಹುಡುಕಿದೆ. ಕ್ಲಬ್ಬಂತೂ ಇದೆ, ಅಂಗಿಯೂ ಹಸಿರು ಬಿಳಿಯೇ. ಮಿಕ್ಕದ್ದೆಲ್ಲ ಪೋರ್ಚುಗೀಸಿನಲ್ಲಿ. ಕನ್ನಡಕ್ಕೆ ತಿರುಗಿಸು ಎಂದು ಒತ್ತಿದರೆ, ನೇಯ್ದ ಹನ್ನೊಂದು ಪುರುಷರು ಕೆಳಗಿನ ಕೋಣೆಗೆ ಬಿದ್ದರು ಎಂದು ಬಂತು. ಅಲ್ಲಿಗೆ ಕೈಬಿಟ್ಟೆ.

ಇಷ್ಟರಲ್ಲಿ ಅನುಪಮಳಿಗೆ ಮೂರನೆಯ ಸಂಬಂಧ ಬಂತು. ಹುಡುಗ ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಯಾವುದೋ ಜ್ವರಕ್ಕೆ ರಕ್ತ ಕೊಡಲು ಲ್ಯಾಬಿಗೆ ಬಂದವನು, ಜ್ವರ ಬಿಟ್ಟ ಮೇಲೂ ಎರಡು ಸಲ ಬಂದನಂತೆ. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು. ಅವನಿಗೆ ತಂದೆ ತಾಯಿ ಇಲ್ಲ; ಸಾಕಿದ್ದು ಕುಕ್ಕುವಾಡದ ಸೋದರಮಾವ. ಅವರು ಹೂಂ ಅನ್ನಬೇಕಿತ್ತು.

ಒಂದು ಸಂಜೆ ಅನುಪಮ ನಮ್ಮ ಮನೆಗೆ ಬಂದಳು. ಕೂತ್ಕೋ ಎಂದರೂ ಕೂರಲಿಲ್ಲ.

"ಆಂಟಿ, ಅವರ ಮಾವ ವಿಚಾರಿಸಾಕೆ ಬರ್ತಾರೆ. ನಿಮ್ಮನ್ನೇ ಕೇಳ್ತಾರಂತೆ."

"ನನ್ನೇ ಯಾಕ?"

"ಎದುರುಮನೆ ಆಡಿಟ್ ಮೇಡಂ ಯಾರ ಮುಲಾಜಿಗೂ ಸುಳ್ಳು ಹೇಳಲ್ಲ ಅಂತ ಯಾರೋ ಹೇಳ್ಯಾರೆ."

"ನಾನೇನು ಹೇಳ್ಲಿ ಮಗಳೇ?"

"ಕಂಡಿದ್ದು ಹೇಳ್ರಿ. ಕಾಣದ್ದು ಹೇಳಬ್ಯಾಡ್ರಿ." ಆಮೇಲೆ ಸೆರಗು ತಿರುವುತ್ತಾ, "ಈ ಸಲಾನೂ ಹಿಂಗೇ ಆದ್ರೆ ಇನ್ನ ಆ ಆಟ ನೋಡಲ್ಲ ಅಂದಾರೆ ಅಪ್ಪ. ನೋಡದೇ ಇದ್ರೆ ಅವರು ಉಳಿಯಲ್ಲ ಆಂಟಿ. ನನಗೆ ಎರಡೂ ಬೇಕು" ಎಂದಳು. ದನಿ ಸ್ವಲ್ಪವೂ ನಡುಗಲಿಲ್ಲ. 

ಸೋದರಮಾವ ಬುಧವಾರ ಸಂಜೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಗದ್ದೆ ಮಾಡಿಸುವವರ ಗಟ್ಟಿ ಪಾದ. ಇಂಥ ವಿಚಾರಣೆಗೆ ನಮ್ಮಲ್ಲಿ ಒಂದು ಕ್ರಮವಿದೆ. ಮೊದಲು ಕಾಲುವೆಗೆ ನೀರು ಬಿಟ್ಟ ವಿಷಯ, ಆಮೇಲೆ ಭತ್ತ, ಆಮೇಲೆ ಎರಡನೆಯ ಲೋಟ ಚಹಾ, ಆಮೇಲೆ "ಎದುರುಮನೆಯೋರು ಹೆಂಗೆ?" ಇದಕ್ಕೆ ಉತ್ತರ ಏನು ಎನ್ನುವುದು ಅಷ್ಟು ಮುಖ್ಯವಲ್ಲ. ಹೇಳುವವರು ಒಂದು ಕ್ಷಣ ತಡೆದರೆ ಸಾಕು, ಸಂಬಂಧ ಮುರಿದ ಹಾಗೆ. ಬಂದವರು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಏಳುತ್ತಾರೆ. ಬೀದಿಯಲ್ಲಿ ಬೇರೆ ಮನೆಗಳಲ್ಲಿ ವಿಚಾರಿಸಿದ ಹಿಂದಿನ ಎರಡೂ ಕಡೆಯವರು ಹೀಗೇ ಎದ್ದು ಹೋಗಿದ್ದರು.

ಇವರು ಸುತ್ತಿ ಬಳಸಲಿಲ್ಲ. "ಅಕ್ಕಾರೆ, ಹುಡುಗಿ ಬಗ್ಗೆ ನಂದೇನೂ ತಕರಾರಿಲ್ಲ. ಅಪ್ಪ ಬಾಜಿ ಕಟ್ಟತಾನೆ ಅಂತ ಸುದ್ದಿ ಐತೆ. ಹೌದಾ?"

ಹೌದು ಎನ್ನಲು ನನ್ನ ಹತ್ತಿರ ಪುರಾವೆ ಇರಲಿಲ್ಲ. ಅಲ್ಲ ಎನ್ನಲೂ ಇರಲಿಲ್ಲ. ತಡೆದರೆ ಹುಡುಗಿಯ ಗತಿ ಮುಗಿಯಿತು. ನೌಕರಿಯಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತಿದ್ದೆನೋ ಅದೇ ಬಾಯಿಗೆ ಬಂತು.

"ನಾಳೆ ಗುರುವಾರ. ಇಲ್ಲೇ ಉಳ್ಕಳ್ರಿ. ಬೆಳಗ್ಗೆ ಹೇಳ್ದೆ ಕೇಳ್ದೆ ಇಬ್ರೂ ನುಗ್ಗಾಣ. ನೀವೇ ಬಾಜಿ ಕಟ್ತೀನಿ ಅಂತ ಕೆಣಕಿ ನೋಡ್ರಿ. ಆಡೋನಾದ್ರೆ ಕೈ ತಡೆಯಾಂಗಿಲ್ಲ."

ನಮ್ಮ ಯಜಮಾನರು ತಲೆ ಚಚ್ಚಿಕೊಂಡರು. ಮಾವನಿಗೆ ಮಾತು ಹಿಡಿಸಿತು.

ಬೆಳಗ್ಗೆ ಬಾಗಿಲು ತೆಗೆದ ಅನುಪಮಳ ಮುಖ ನಮ್ಮನ್ನು ಕಂಡು ಬಿಳಿಚಿಕೊಂಡಿತು. ಒಳಗೆ ಇಂಟರ್‌ನೆಟ್ಟಿನಿಂದ ಆಟ ಬರುತ್ತಿದ್ದ ಟೀವಿಯ ಎದುರು ಅವರು ಲುಂಗಿಯ ಮೇಲೆ ಹಸಿರು ಬಿಳಿ ಪಟ್ಟೆಯ ಅಂಗಿ ತೊಟ್ಟು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತಿದ್ದರು. ಎದ್ದವರು ಮಾವನ ಮುಖಕ್ಕಿಂತ ಮೊದಲು ಮೂಗು ನೋಡಿದರು. "ಬರ್ರಿ, ಕೂಡ್ರಿ. ಈಗ ಶುರುವಾತು" ಎಂದು ಫ್ಯಾನಿನ ಕೆಳಗಿನ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ಗೋಡೆಗೆ ಒರಗಿಸಿದ ಸುತ್ತಿದ ಹಾಸಿಗೆಯ ಮೇಲೆ ಕೂತರು; ಮಗಳು ಚಿಕ್ಕವಳಿದ್ದಾಗ ಅದಕ್ಕೆ ಮೋಡ ಎಂದು ಹೆಸರಿಟ್ಟಿದ್ದಳಂತೆ. ಯಾಕೆ ಬಂದಿರಿ ಎಂದು ಕೇಳಲೇ ಇಲ್ಲ.

ಆ ದಿನ ಸೋತರೆ ಕ್ಲಬ್ಬು ಲೀಗಿನಿಂದಲೇ ಹೊರಗೆ, ಅದಕ್ಕಿಂತ ಕೆಳಗೆ ಡಿವಿಜನ್ ಇಲ್ಲ ಎಂದು ಅನುಪಮ ಮೆಲ್ಲಗೆ ತಿಳಿಸಿದಳು. ಮಾವ ಗಂಟಲು ಸರಿಮಾಡಿಕೊಂಡರು.

"ನಾನು ಆ ನೀಲಿ ಅಂಗಿಯೋರ ಕಡೆ. ಕಟ್ರಿ ನೋಡಾಣ ಬಾಜಿ. ನಿಮ್ಮೋರು ಗೆದ್ರೆ ನನ್ನ ಹೋರಿ ನಿಮ್ದು."

ಅನುಪಮಳ ಕೈಯಲ್ಲಿದ್ದ ಚಹಾದ ತಟ್ಟೆ ಅಲ್ಲೇ ನಿಂತಿತು. ಅವರು ಮಾತ್ರ ಗಟ್ಟಿಯಾಗಿ ನಕ್ಕರು. "ಈ ತಂಡದ ಮ್ಯಾಲೆ ಯಾರು ಬಾಜಿ ಕಟ್ತಾರ್ರೀ ಯಜಮಾನ್ರೇ? ಸೋಲ್ತೈತೆ ಅಂತ ಅಲ್ಲಿ ತೊಟ್ಟಿಲ ಕೂಸಿಗೂ ಗೊತ್ತೈತೆ!"

ಮಾವನೂ ನಕ್ಕುಬಿಟ್ಟರು. ನಾನು ನಗಲಿಲ್ಲ. ಇಲ್ಲೇ ಒಂದು ಸಂದು ಇದೆ ಎಂದು ಹೊಳೆಯಿತು, ಹೊಳೆದದ್ದನ್ನು ನುಂಗುವ ಅಭ್ಯಾಸ ನನಗಿಲ್ಲ. "ಸೋಲ್ತೈತೆ ಅಂತಾನೂ ಕಟ್ಟಬಹುದಲ್ಲ?" ಎಂದೆ.

ಅವರು ಆಟದಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಮೊದಲ ಸಲ ನನ್ನ ಮೂಗನ್ನು ಬಿಟ್ಟು ಕಣ್ಣು ನೋಡಿದರು.

"ಮನೆಯಾಗೆ ಯಾರಿಗಾದ್ರೂ ಜ್ವರ ಬಂದ್ರೆ, ಇಳಿಯಲ್ಲ ಅಂತ ಬಾಜಿ ಕಟ್ತೀರೇನ್ರಿ ಮೇಡಂ?"

ನನ್ನ ಇಡೀ ನೌಕರಿಯಲ್ಲಿ ಯಾವ ಆಕ್ಷೇಪಣೆಗೂ ಇಂಥ ಸಮಜಾಯಿಷಿ ಬಂದಿರಲಿಲ್ಲ. ನಾಚಿಕೆಯಾಯಿತು. ಆಟ ನೋಡುವ ನೆಪದಲ್ಲಿ ಮುಖ ತಿರುಗಿಸಿದೆ.

ವಿರಾಮದಲ್ಲಿ ಉಪ್ಪಿಟ್ಟು ಬಂತು. ನೀಲಿಯವರು ಒಂದು ಗೋಲು ಮುಂದಿದ್ದರು. ತಿನ್ನುತ್ತಾ ಮಾವ ತಮ್ಮ ಕಾಲದ ಕಬಡ್ಡಿಯ ಮಾತಿಗೆ ಬಂದರು. "ನಮ್ಮಣ್ಣ ಆಡ್ತಿದ್ನ್ರಿ, ಹುಲಿ. ಒಂದು ಸಲ ತೊಡೆ ಮುರ್ಕಂಡ, ಅಲ್ಲಿಗೆ ಮುಗೀತು. ಆದ್ರೂ ಪಂದ್ಯ ಇದ್ದ ದಿನ ಕುಂಟ್ಕಂತ ಬಂದು ಸುಣ್ಣದ ಗೆರೆ ಅವನೇ ಎಳೀಬೇಕು. ಡಬ್ಬಿ ಯಾರ ಕೈಗೂ ಕೊಡ್ತಿರಲಿಲ್ಲ. ಸಾಯೋತನಕ ಎಳೆದ." ಹೇಳಿ ಟವೆಲಿನಿಂದ ಬಾಯಿ ಒರೆಸಿಕೊಂಡರು, ಜೊತೆಗೆ ಕಣ್ಣನ್ನೂ. ಎದುರುಮನೆಯವರು ನಮ್ಮಪ್ಪನ ಕತೆ ಕೇಳಿದ ಹಾಗೆಯೇ ಇದನ್ನೂ ಕೇಳಿಸಿಕೊಂಡರು. ನನ್ನ ಕಿವಿ ಮಾತ್ರ ನೆಟ್ಟಗಾಯಿತು.

ವಿರಾಮದ ನಂತರ ಹಸಿರು ಪಟ್ಟೆಯವರು ಒಂದು ಗೋಲು ಹೊಡೆದರು. ಸೈರನ್ ಕೂಗಿತು. ಅವರು ಎದ್ದು ಚಪ್ಪಾಳೆ ತಟ್ಟಿದರು, ಅನುಪಮ ಚಪ್ಪಾಳೆ ತಟ್ಟಿದಳು, ನೀಲಿಯವರ ಕಡೆ ಇದ್ದ ಕುಕ್ಕುವಾಡದ ಹಿರಿಯರು ಲೋಟ ಕೈಯಲ್ಲಿ ಹಿಡಿದೇ ಎದ್ದು ನಿಂತಿದ್ದರು. ಅಲ್ಲಿಂದ ಮುಂದೆ "ಅಯ್ಯೋ, ಕಾಲು ಯಾಕ ಹಿಂದಕ್ಕೆ ತಗಂಡ ಅವ!" ಎಂದು ಕೂಗಾಡುತ್ತಿದ್ದವರು ಮಾವನೇ. ಕೊನೆಗೆ ನೀಲಿಯವರು ಇನ್ನೊಂದು ಹೊಡೆದರು. ಆಟ ಮುಗಿಯಿತು.

ಬೆಟ್ಟಿಂಗಿನಲ್ಲಿ ಸೋತವರ ಮುಖ ನಾನು ಕಂಡಿದ್ದೇನೆ. ಅಲ್ಲಿ ಸಿಟ್ಟಿರುತ್ತದೆ, ಯಾರ ಮೇಲಾದರೂ ಹಾಯುವ ಸಿಟ್ಟು. ಇವರದ್ದು ಆಸ್ಪತ್ರೆಯ ಹೊರಗೆ ಕೂತವರ ಮುಖ. ಟೀವಿ ಆರಿಸಲಿಲ್ಲ. ಖಾಲಿಯಾಗುತ್ತಿದ್ದ ಮೈದಾನವನ್ನು ನೋಡುತ್ತಾ ಕೂತರು. 

"ಮುಂದಿನ ವರ್ಷ ಏನ್ರಿ ಗತಿ?" ಎಂದು ಕೇಳಿದ್ದು ಮಾವ.

"ಮೈದಾನ ಐತಲ್ರಿ. ಆಡ್ತಾರೆ, ಯಾರ ಜೊತೆಗಾದ್ರೂ." ಅವರು ಸುಧಾರಿಸಿಕೊಂಡು ಮಾವನ ಕಡೆ ತಿರುಗಿದರು. "ಆ ಮೈದಾನದಾಗೆ ಒಬ್ಬ ಇದ್ನ್ರಿ. ಮೊದಲು ದೊಡ್ಡ ಆಟಗಾರ. ಕಾಲು ಮುರ್ಕಂಡ. ಆಮ್ಯಾಕೆ ಪಂದ್ಯ ಇದ್ದ ದಿನ ಕುಂಟ್ಕಂತ ಬರೋನು. ಸುಣ್ಣದ ಗೆರೆ ಅವನೇ ಎಳೀಬೇಕು. ಡಬ್ಬಿ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಇವತ್ತಿಗೂ ಅಲ್ಲಿ ಗೆರೆ ಎಳೆಯೋ ಮೊದ್ಲು ಅವನ ಹೆಸರು ಹೇಳ್ತಾರೆ."

ನಾನು ಕೂತಲ್ಲೇ ಬೆವೆತೆ. ಉಪ್ಪಿಟ್ಟಿನ ತಟ್ಟೆ ಇನ್ನೂ ಒಣಗಿರಲಿಲ್ಲ. ಅಷ್ಟರಲ್ಲಿ ಕುಕ್ಕುವಾಡದ ಅಣ್ಣ ಬ್ರೆಜಿಲಿಗೆ ಹೋಗಿ ತಲುಪಿದ್ದ! ಮಗಳ ಬಾಳು ತೂಗುತ್ತಿರುವ ಹೊತ್ತಿನಲ್ಲಾದರೂ ಈ ಮನುಷ್ಯ ಬಾಯಿ ಹಿಡಿದುಕೊಳ್ಳಬಾರದೇ? ಅನುಪಮ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಎಲ್ಲ ಗೊತ್ತಿತ್ತು.

"ಅಲ್ಲೂ ಇದ್ನಾ ಅಂಥೋನು?" ಎಂದರು ಮಾವ. ದನಿ ಒದ್ದೆಯಾಗಿತ್ತು. ಎದ್ದು, ಕೈ ಮುಗಿದು, ಹೊರಗೆ ನಡೆದರು.

ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಂಡವರು ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ಅನುಪಮ ನಿಂತಿದ್ದಳು. ಅವಳ ಹಿಂದೆ ಪಟ್ಟೆಯ ಅಂಗಿಯ ಒಂದು ತೋಳು ಕಾಣುತ್ತಿತ್ತು.

"ಅಕ್ಕಾರೆ, ನೀವು ಸುಳ್ಳು ಹೇಳಲ್ಲ ಅಂತ ಊರೇ ಹೇಳ್ತೈತೆ. ಆ ಸುಣ್ಣದ ಮಾತು ನಿಜ ಇರ್ತೈತಾ? ಈ ಮನುಷ್ಯನ್ನ ನಂಬಬಹುದಾ?"

ನಾನು ಒಂದು ಕ್ಷಣವೂ ತಡೆಯಲಿಲ್ಲ.

"ಆ ಕ್ಲಬ್ಬಿನ ಬಗ್ಗೆ ಆತ ಹೇಳೋದು ಒಂದಕ್ಷರಾನೂ ನಂಬಬ್ಯಾಡ್ರಿ. ಹುಡುಗೀನ ತಂದ್ಕಳ್ರಿ."